ಆಲಬಾಮದಲ್ಲಿ ಗೆದ್ದವರಿಗೇ ಟಿಕೆಟ್ ತಪ್ಪಿತ್ತು

ಪ್ರಶ್ನೆ: ಅಮೆರಿಕದಲ್ಲಿ ಗವರ್ನರ್ ಹುದ್ದೆಗೆ ಪಕ್ಷದ ಟಿಕೆಟ್ ಯಾರಿಗೆ ಅನ್ನೋದನ್ನೂ ಜನರೇ ಮತ ಹಾಕಿ ತೀರ್ಮಾನಿಸುತ್ತಾರಂತೆ. ಆ ‘ಪ್ರೈಮರಿ’ಯ ಫಲಿತಾಂಶಕ್ಕೇ ಜಗಳ ಆದದ್ದು ಉಂಟಾ? ಗೆದ್ದವರಿಗೆ ಟಿಕೆಟ್ ತಪ್ಪಿದ್ದಿದೆಯಾ? ಈಗಲೂ ಹೀಗಾಗುತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಉಂಟು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ಅಧಿಕಾರದಲ್ಲಿ ಮುಖ್ಯಮಂತ್ರಿಗೆ ಹತ್ತಿರ. ಹಾಗಾಗಿ ಟಿಕೆಟ್‌ಗೆ ಪೈಪೋಟಿ ಜಾಸ್ತಿ. ಮೊದಲೆಲ್ಲ ಪಕ್ಷದ ಸಮಾವೇಶದಲ್ಲಿ ಮುಖಂಡರೇ ಹೆಸರು ಅಖೈರು ಮಾಡುತ್ತಿದ್ದರು. ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್ ಅವರಿಗೆ ಹಾಗೆ ಎರಡು ಸಲ ಟಿಕೆಟ್ ತಪ್ಪಿತ್ತು. 1900ರಲ್ಲಿ ಗೆದ್ದ ಮೇಲೆ ಅವರು ಹಟ ಹಿಡಿದು, 1904ರಲ್ಲಿ ಪ್ರೈಮರಿ ಕಾನೂನಿಗೆ ಮತದಾರರ ಒಪ್ಪಿಗೆ ಪಡೆದರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ 1986ರ ಆಲಬಾಮ. ಅಲ್ಲಿ ಆಗೆಲ್ಲ ಡೆಮಾಕ್ರಟಿಕ್ ಟಿಕೆಟ್ ಸಿಕ್ಕಿದರೆ ಗವರ್ನರ್ ಆದಂತೆಯೇ. ಬಹುಕಾಲ ಆಳಿದ್ದ ಜಾರ್ಜ್ ವಾಲೆಸ್ ಹಿಂದೆ ಸರಿದರು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಎರಡನೇ ಸುತ್ತಿಗೆ ಉಳಿದವರು ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಹುದ್ದೆ) ಬಿಲ್ ಬ್ಯಾಕ್ಸ್‌ಲಿ ಮತ್ತು ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಚಾರ್ಲಿ ಗ್ರಾಡಿಕ್. ಸುಮಾರು ಒಂಬತ್ತು ಲಕ್ಷ ಮತಗಳಲ್ಲಿ ಗ್ರಾಡಿಕ್ ಒಂಬತ್ತು ಸಾವಿರಕ್ಕೂ ಕಡಿಮೆ ಅಂತರದಿಂದ ಗೆದ್ದರು.

ತಕರಾರು ಎದ್ದದ್ದು ಎಣಿಕೆಯ ಬಗ್ಗೆ ಅಲ್ಲ, ಮತ ಹಾಕಿದವರು ಯಾರು ಅನ್ನೋದರ ಬಗ್ಗೆ. ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿದವರು ಡೆಮಾಕ್ರಟಿಕ್ ಎರಡನೇ ಸುತ್ತಿಗೆ ಬರುವ ಹಾಗಿಲ್ಲ ಎಂಬುದು ಪಕ್ಷದ ನಿಯಮ. ಗ್ರಾಡಿಕ್ ಮಾತ್ರ ‘ಬನ್ನಿ, ಹಾಕಿ’ ಅಂತ ಅವರನ್ನು ಕರೆದರು. ಕಣದಲ್ಲಿರುವ ಅಭ್ಯರ್ಥಿ ಅವರೇ, ರಾಜ್ಯಕ್ಕೆ ಕಾನೂನು ಹೇಳುವವರೂ ಅವರೇ! ಕರಿಯ ಮತದಾರರು ಫೆಡರಲ್ ಕೋರ್ಟಿಗೆ ಹೋದರು. ಮತದಾನದ ಹಕ್ಕಿನ ಕಾಯ್ದೆ ಪ್ರಕಾರ ಇಂಥ ಬದಲಾವಣೆಗೆ ಮೊದಲೇ ಕೇಂದ್ರದ ಅನುಮತಿ ಬೇಕಿತ್ತು ಎಂದ ಕೋರ್ಟು, ಪಕ್ಷಕ್ಕೆ ಎರಡು ದಾರಿ ಕೊಟ್ಟಿತು: ನ್ಯಾಯವಾದ ಮತಗಳಲ್ಲಿ ಬ್ಯಾಕ್ಸ್‌ಲಿ ಮುಂದಿದ್ದರು ಎಂದು ಖಾತ್ರಿಯಾದರೆ ಟಿಕೆಟ್ ಅವರಿಗೆ ಕೊಡಿ, ಇಲ್ಲವೇ ಮತ್ತೆ ಮತದಾನ ನಡೆಸಿ. ಪಕ್ಷ ಮೊದಲನೆಯದನ್ನೇ ಆರಿಸಿಕೊಂಡಿತು.

ಗ್ರಾಡಿಕ್ ಮಾಡಿದ್ದು ತಪ್ಪೇ. ಆದರೆ ಮರುಮತದಾನ ನಡೆಸದೇ ಇದ್ದದ್ದು ಅದಕ್ಕಿಂತ ದೊಡ್ಡ ಎಡವಟ್ಟು ಅಂತ ನನಗನಿಸುತ್ತದೆ. ‘ನಾವು ಗೆಲ್ಲಿಸಿದವನನ್ನು ಕೋಣೆಯೊಳಗೆ ಕೂತು ಬದಲಾಯಿಸಿದರು’ ಎಂದು ಜನ ಸಿಟ್ಟಾದರು. ನವೆಂಬರ್‌ನಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರದ ರಿಪಬ್ಲಿಕನ್ ಗೈ ಹಂಟ್ ಶೇ. 56ರಷ್ಟು ಮತ ಪಡೆದರು. ನೂರು ವರ್ಷಕ್ಕೂ ಮೇಲ್ಪಟ್ಟು ಆ ರಾಜ್ಯ ರಿಪಬ್ಲಿಕನ್ ಗವರ್ನರ್ ಕಂಡಿರಲಿಲ್ಲ.

ಹೆಚ್ಚು ಮತ ಪಡೆದೂ ಸೋಲುವುದನ್ನು ಕಾನೂನೇ ಒಪ್ಪಿದ್ದ ರಾಜ್ಯವೂ ಇತ್ತು: ಜಾರ್ಜಿಯಾ. ಅಲ್ಲಿ ಪ್ರೈಮರಿಯಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಒಟ್ಟು ಮತವಲ್ಲ, ಕೌಂಟಿಗಳ (ನಮ್ಮ ಜಿಲ್ಲೆಯಂಥ ವಿಭಾಗ) ‘ಯೂನಿಟ್’. ಕೌಂಟಿಯಲ್ಲಿ ಮುಂದಿದ್ದವರಿಗೆ ಅದರ ಯೂನಿಟ್ ಅಷ್ಟೂ. ದೊಡ್ಡ ಕೌಂಟಿಗೆ 6, ತೀರಾ ಚಿಕ್ಕದಕ್ಕೂ 2. ಅಂದರೆ ಮೂರು ಹಳ್ಳಿಗಾಡಿನ ಕೌಂಟಿ ಸೇರಿದರೆ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಗೆ ಸಮ. 1946ರಲ್ಲಿ ಜೇಮ್ಸ್ ಕಾರ್ಮೈಕಲ್ ಹೆಚ್ಚು ಮತ ಪಡೆದರೂ ಯೂನಿಟ್ ಲೆಕ್ಕದಲ್ಲಿ ಯೂಜಿನ್ ಟಾಲ್ಮಡ್ಜ್ ಗೆದ್ದರು. ಅವರು ಪ್ರಮಾಣವಚನಕ್ಕೆ ಮೊದಲೇ ತೀರಿಕೊಂಡು, ಮೂವರು ‘ನಾನೇ ಗವರ್ನರ್’ ಎಂದು ನಿಂತದ್ದು ಇನ್ನೊಂದು ರಾಮಾಯಣ. 1963ರಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ರದ್ದು ಮಾಡಿತು.

ಈಗಲೂ ಆಗುತ್ತಾ ಅಂದರೆ, 2018ರ ಕ್ಯಾನ್ಸಸ್ ನೋಡಿ. ಮೂರು ಲಕ್ಷಕ್ಕೂ ಹೆಚ್ಚು ಮತ ಬಿದ್ದ ರಿಪಬ್ಲಿಕನ್ ಪ್ರೈಮರಿಯಲ್ಲಿ ಕ್ರಿಸ್ ಕೋಬಾಕ್ ಹಾಲಿ ಗವರ್ನರ್ ಜೆಫ್ ಕಾಲ್ಯರ್ ಅವರನ್ನು ಬರೀ 343 ಮತಗಳಿಂದ ಸೋಲಿಸಿದರು. ರಾಜ್ಯದ ಚುನಾವಣೆ ಉಸ್ತುವಾರಿ ಕೋಬಾಕ್ ಅವರದೇ ಆಗಿತ್ತು. ಆಕ್ಷೇಪ ಬಂದ ಮೇಲೆ ಆ ಕೆಲಸದಿಂದ ಪಕ್ಕಕ್ಕೆ ಸರಿದರು. ಕಾಲ್ಯರ್ ಕೋರ್ಟಿಗೆ ಹೋಗದೆ ಒಂದು ವಾರದಲ್ಲೇ ಸೋಲೊಪ್ಪಿಕೊಂಡರು. ನವೆಂಬರ್‌ನಲ್ಲಿ ಗೆದ್ದದ್ದು ಮಾತ್ರ ಡೆಮಾಕ್ರಟಿಕ್ ಪಕ್ಷದ ಲಾರಾ ಕೆಲ್ಲಿ.