ಉಂಗುರ ಯಾವ ಲೋಹದ್ದು? ಮೊದಲು ಆ ಕೈಯ ಕೆಲಸ ಹೇಳಿ

ಪ್ರಶ್ನೆ: ಮೇಡಂ, ಬರುವ ತಿಂಗಳು ನನ್ನ ನಿಶ್ಚಿತಾರ್ಥ. ಹುಡುಗಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಹಳದಿ ಚಿನ್ನ ಅಷ್ಟಾಗಿ ಇಷ್ಟ ಇಲ್ಲ, ಪ್ಲಾಟಿನಂ ಉಂಗುರ ಬೇಕು ಅನ್ನುತ್ತಾಳೆ. ಅಮ್ಮ ಒಪ್ಪುತ್ತಿಲ್ಲ. ‘ಬೆಳ್ಳಿ ಥರ ಕಾಣೋದಕ್ಕೆ ಅಷ್ಟು ದುಡ್ಡು ಯಾಕೆ? 22 ಕ್ಯಾರೆಟ್ಟಲ್ಲಿ ಒಂದು ಕಲ್ಲುಂಗುರ ಮಾಡಿಸು, ನಾಳೆ ಕಷ್ಟಕ್ಕಾದ್ರೂ ಆಗುತ್ತೆ’ ಅನ್ನುತ್ತಾರೆ. ಅಂಗಡಿಗೆ ಹೋದರೆ ಅವರು ವೈಟ್ ಗೋಲ್ಡ್ ತೋರಿಸಿ ತಲೆ ಇನ್ನಷ್ಟು ಕೆಡಿಸಿದರು. ಯಾವುದು ತೆಗೆದುಕೊಳ್ಳಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಹುಡುಗಿ ನರ್ಸ್ ಅಂತ ಬರೆದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ನೆಕ್ಲೇಸು, ಜುಮಕಿ ಎಲ್ಲ ಮದುವೆ ಮುಂಜಿಗೆ ಹೊರಗೆ ಬಂದು ಮತ್ತೆ ಬೀರುವಿಗೆ ಹೋಗುತ್ತವೆ. ಈ ಉಂಗುರ ಹಾಗಲ್ಲ. ದಿನಾ ಕೈಯಲ್ಲೇ ಇದ್ದು ಸೋಪು, ಸ್ಯಾನಿಟೈಸರ್, ಪಾತ್ರೆ, ಸ್ಕೂಟರ್ ಹ್ಯಾಂಡಲ್ ಎಲ್ಲದಕ್ಕೂ ಉಜ್ಜಿಕೊಳ್ಳುತ್ತದೆ.

22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಪಾಲು ಚಿನ್ನ. ಹಾಗಾಗಿ ಮೆತ್ತಗೆ. ಸಾದಾ ಉಂಗುರಕ್ಕೆ ಪರವಾಗಿಲ್ಲ, ಸ್ವಲ್ಪ ಸೊಟ್ಟಗಾದರೂ ಅಕ್ಕಸಾಲಿಗರು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾರೆ. ಕಲ್ಲು ಕೂರಿಸಿದರೆ ಕಷ್ಟ. ನನ್ನದೇ ಕಥೆ ಕೇಳಿ. ನನ್ನ ನಿಶ್ಚಿತಾರ್ಥದ ಉಂಗುರ 22 ಕ್ಯಾರೆಟ್ಟಿನದು, ನಡುವೆ ಒಂದು ಬಿಳಿ ಕಲ್ಲು, ಅದನ್ನು ಕಚ್ಚಿ ಹಿಡಿದ ನಾಲ್ಕು ಪುಟ್ಟ ಹಲ್ಲು. ಕೆಲವು ದಿನದಿಂದ ಸೀರೆಯ ನೂಲು ಸಿಕ್ಕಿಕೊಳ್ಳುತ್ತಿತ್ತು, ಒಂದು ಹಲ್ಲು ಮೇಲೆದ್ದಿದೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಒಂದು ರಾತ್ರಿ ಚಪಾತಿ ಹಿಟ್ಟು ನಾದಿ ಕೈ ತೊಳೆದು ನೋಡಿದರೆ ಕಲ್ಲಿದ್ದ ಕಡೆ ಬರೀ ಗುಂಡಿ. ಅಷ್ಟೂ ಹಿಟ್ಟನ್ನು ಚಿವುಟಿ ಚಿವುಟಿ ಹುಡುಕಿದೆ, ಸಿಗಲಿಲ್ಲ. ಆ ರಾತ್ರಿ ಚಪಾತಿಯನ್ನೂ ಯಾರೂ ಮುಟ್ಟಲಿಲ್ಲ, ಹಲ್ಲು ಮುರಿಯುತ್ತೆ ಅಂತ ಭಯ!

ಕಲ್ಲು ಬೇಕೇ ಬೇಕು ಅನ್ನುವವರಿಗೆ 18 ಕ್ಯಾರೆಟ್ ವಾಸಿ. ಅದರಲ್ಲಿ ಚಿನ್ನ 75 ಪಾಲು, ಉಳಿದದ್ದು ಬೆಳ್ಳಿ, ತಾಮ್ರದಂಥ ಲೋಹ, ಅದಕ್ಕೇ ಗಟ್ಟಿ. ಅಂದಹಾಗೆ ಚಿನ್ನದ ಕ್ಯಾರೆಟ್ಟೇ ಬೇರೆ, ವಜ್ರದ ಕ್ಯಾರೆಟ್ಟೇ ಬೇರೆ. ಚಿನ್ನದಲ್ಲಿ ಅದು ಶುದ್ಧತೆ, ಕಲ್ಲಿನಲ್ಲಿ ತೂಕ. ಒಂದು ಕ್ಯಾರೆಟ್ ಕಲ್ಲು ಅಂದರೆ 0.2 ಗ್ರಾಂ. ಬಿಲ್ಲಿನಲ್ಲಿ ಕಲ್ಲಿನ ತೂಕ ಕಳೆದು ಚಿನ್ನದ ರೇಟು ಹಾಕಿದ್ದಾರಾ ನೋಡಿಕೊಳ್ಳಿ, ಸುಮ್ನೆ ಕಲ್ಲಿಗೂ ಚಿನ್ನದ ದುಡ್ಡು ಕೊಟ್ಟು ಬರಬೇಡಿ.

ಇನ್ನು ವೈಟ್ ಗೋಲ್ಡ್. ಚಿನ್ನಕ್ಕೆ ಪಲ್ಲಾಡಿಯಂ ಇಲ್ಲವೇ ನಿಕ್ಕಲ್ ಬೆರೆಸಿದರೆ ಹಳದಿ ತಗ್ಗುತ್ತದೆ, ಆದರೆ ಅಂಗಡಿ ದೀಪದಡಿ ನೀವು ನೋಡಿದ ಆ ಫಳಫಳ ಬಿಳುಪು ಬರುವುದು ಮೇಲೆ ಹಾಕುವ ರೋಡಿಯಂ ಲೇಪದಿಂದ. ಲೇಪ ಸವೆಯುತ್ತದೆ. ಅಂಗೈ ಕಡೆ ಮೊದಲು ನಸುಹಳದಿ ಇಣುಕುತ್ತದೆ, ಆಗ ಮತ್ತೆ ಲೇಪ ಹಾಕಿಸಬೇಕು. ದಿನಕ್ಕೆ ಹತ್ತಾರು ಸಲ ಕೈ ತೊಳೆಯುವ ನರ್ಸಿಗೆ ಇದು ಬೇಗ ಬರುವ ಖರ್ಚು. ನಿಕ್ಕಲ್ ಬೆರಕೆ ಇದ್ದರೆ ಕೆಲವರಿಗೆ ಬೆರಳು ತುರಿಸಿ ಕೆಂಪಾಗುತ್ತದೆ. ನಿಮ್ಮ ವಿಷಯದಲ್ಲಿ ಇದು ಬೇಡವೇ ಬೇಡ.

ಪ್ಲಾಟಿನಂ ಉಂಗುರದ ಒಳಗೆ 950 ಅಂತ ಮುದ್ರೆ ಇರಬೇಕು, ಅಂದರೆ ನೂರಕ್ಕೆ 95 ಪಾಲು ಪ್ಲಾಟಿನಂ. ಬಿಳುಪು ಅದರದ್ದೇ, ಲೇಪ ಬೇಡ. ಗೀರು ಬೀಳುತ್ತದೆ, ಹೊಳಪು ಮಂಕಾಗುತ್ತದೆ, ಆದರೆ ಲೋಹ ಸವೆದು ಹೋಗುವುದು ಕಡಿಮೆ. ತೂಕ ಮಾತ್ರ ಜಾಸ್ತಿ. 18 ಕ್ಯಾರೆಟ್ಟಿನಲ್ಲಿ 4 ಗ್ರಾಂ ತೂಗುವ ಉಂಗುರವನ್ನೇ ಪ್ಲಾಟಿನಂನಲ್ಲಿ ಮಾಡಿಸಿದರೆ 5 ಗ್ರಾಂ ದಾಟುತ್ತದೆ. ತೊಂದರೆ ಇರುವುದು ಅಳತೆ ತಪ್ಪಿದಾಗ. ಚಿನ್ನ 1064 ಡಿಗ್ರಿಗೆ ಕರಗಿದರೆ ಪ್ಲಾಟಿನಂಗೆ 1768 ಡಿಗ್ರಿ ಬೇಕು. ಬೀದಿ ಮೂಲೆಯ ಅಕ್ಕಸಾಲಿಗರ ಕುಲುಮೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೇ ಹುಡುಗಿಯನ್ನೇ ಕರೆದುಕೊಂಡು ಹೋಗಿ, ಬೆಳಗಿನ ಚಳಿಯಲ್ಲಿ ಬೇಡ, ಸಂಜೆ ಅಳತೆ ಕೊಡಿ. ಚಳಿಗೆ ಬೆರಳು ಸಣ್ಣಗಾಗಿರುತ್ತದೆ.

ನನ್ನನ್ನು ಕೇಳಿದರೆ ಕಲ್ಲಿಲ್ಲದ ಸಾದಾ ಪ್ಲಾಟಿನಂ ಉಂಗುರ ತೆಗೆದುಕೊಳ್ಳಿ. ಕಲ್ಲಿನ ಹಲ್ಲು ಗ್ಲೌಸ್ ಹರಿಯುತ್ತದೆ, ಸಂದಿಯಲ್ಲಿ ಕೊಳೆ ಕೂರುತ್ತದೆ. ಕೆಲಸದ ಹೊತ್ತಿನಲ್ಲಿ ಉಂಗುರವನ್ನೇ ಹಾಕಬೇಡಿ ಅನ್ನುವ ಆಸ್ಪತ್ರೆಗಳೂ ಇವೆ, ಅದನ್ನು ಮೊದಲೇ ಅವಳನ್ನು ಕೇಳಿಬಿಡಿ.

ಅಮ್ಮನ ಮಾತನ್ನೂ ತಳ್ಳಿಹಾಕಬೇಡಿ, ಅವರು ಹೇಳುವುದರಲ್ಲಿ ಹುರುಳಿದೆ. ಪ್ಲಾಟಿನಂ ಇಟ್ಟರೆ ಚಿನ್ನದ ಸಾಲ ಸಿಗುವುದಿಲ್ಲ, ವಾಪಸ್ ತೆಗೆದುಕೊಳ್ಳುವ ಅಂಗಡಿಗಳೂ ಕಡಿಮೆ. ಕೊಳ್ಳುವಾಗಲೇ ಎಷ್ಟು ಕಡಿತ ಮಾಡಿ ವಾಪಸ್ ಪಡೆಯುತ್ತೀರಿ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಕಷ್ಟಕ್ಕೆ ಆಗುವ ಚಿನ್ನ ಕರಿಮಣಿ ಸರದಲ್ಲಿ ಹಾಕಿಸೋಣ ಅಮ್ಮ, ಅದು 22 ಕ್ಯಾರೆಟ್ಟೇ ಇರಲಿ’ ಅಂತ ಹೇಳಿ ನೋಡಿ, ಒಪ್ಪಬಹುದು.

ಪ್ರಶ್ನೆ: ನಮ್ಮ ಹತ್ತಿರ ದುಡ್ಡು ಕಡಿಮೆ. ಬೆಳ್ಳಿ ಉಂಗುರ ಬದಲಾಯಿಸಿಕೊಂಡರೆ ತಪ್ಪಾ?
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪೇನಿಲ್ಲ. 925 ಮುದ್ರೆಯದ್ದು ನೋಡಿ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಗಾಳಿಯಲ್ಲಿರುವ ಗಂಧಕಕ್ಕೆ ಕಪ್ಪಾಗುತ್ತದೆ, ಉಜ್ಜಿದರೆ ಮತ್ತೆ ಬೆಳ್ಳಗಾಗುತ್ತದೆ. ಕಾಲುಂಗುರದ ಹಾಗೇ ವರ್ಷಗಟ್ಟಲೆ ಹಾಕಿದರೆ ಸವೆದು ತೆಳ್ಳಗಾಗುತ್ತದೆ, ಆಗ ಬೇರೆ ತೆಗೆದುಕೊಂಡರಾಯಿತು. ಚಿನ್ನವೇ ಬೇಕು ಅನಿಸಿದರೆ ಸಾದಾ ಉಂಗುರ ತೆಗೆದುಕೊಳ್ಳಿ. ಆದರೆ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಅದಕ್ಕೇ ಎರಡರ ಮೇಲೆ ಒಂದಿಷ್ಟು ಇರುವಂಥದ್ದೇ ಕೇಳಿ, ಒಳಗಿರುವ, ಪ್ರತಿ ಒಡವೆಗೂ ಬೇರೆ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಎಣಿಸಿ.