ಸ್ಯಾಕ್ಸನಿಯ ಪುಟ್ಟ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಏಕೆ?

ಕಡಿದಾದ ತಿರುವಿನಲ್ಲಿ ಬಳುಕಬೇಕು, ಏರಿನಲ್ಲಿ ಎಳೆಯಲೂ ಬೇಕು, ಅದಕ್ಕೆ.

ಜರ್ಮನಿಯ ಸ್ಯಾಕ್ಸನಿಯಲ್ಲಿ 750 ಮಿಲಿಮೀಟರ್ ಅಂತರದ ಹಳಿಗಳು ಕಣಿವೆಯ ಹೊಳೆಗಳ ಜೊತೆಯಲ್ಲೇ ಸುತ್ತಿಕೊಂಡು ಹೋಗುತ್ತವೆ. ಎಳೆಯುವ ಬಲಕ್ಕೆ ನಾಲ್ಕು ಜೋಡಿ ಗಾಲಿಗಳು ಬೇಕು. ಆದರೆ ನಾಲ್ಕನ್ನೂ ಒಂದೇ ಚೌಕಟ್ಟಿಗೆ ಬಿಗಿದರೆ ತಿರುವಿನಲ್ಲಿ ಹಳಿಗೆ ಉಜ್ಜಿಕೊಂಡು ಒದ್ದಾಡುತ್ತವೆ. ಹಾಗಾಗಿ ಕೆಮ್ನಿಟ್ಸ್‌ನ ಹಾರ್ಟ್‌ಮನ್ ಕಾರ್ಖಾನೆ 1892ರಿಂದ 1921ರವರೆಗೆ ಕಟ್ಟಿದ ‘ನಾಲ್ಕು-ಕೆ’ (IV K) ಎಂಬ ಮಾದರಿಯ 96 ಎಂಜಿನ್ನುಗಳಲ್ಲಿ ಗಾಲಿಗಳನ್ನು ಎರಡು ಚೌಕಟ್ಟುಗಳಿಗೆ ಹಂಚಿದರು. ಎರಡೂ ಬಾಯ್ಲರಿನ ಕೆಳಗೆ ತಮ್ಮಷ್ಟಕ್ಕೆ ತಿರುಗುತ್ತವೆ. ಒಂದೊಂದಕ್ಕೂ ಎರಡೆರಡು ಸಿಲಿಂಡರ್.

ಇಲ್ಲೇ ಜಾಣತನವಿರುವುದು. ಬಾಯ್ಲರಿನ ಬಿಸಿ ಉಗಿ ಮೊದಲು ಹಿಂದಿನ ಚಿಕ್ಕ ಸಿಲಿಂಡರುಗಳನ್ನು ತಳ್ಳುತ್ತದೆ. ಒತ್ತಡ ಇಳಿದು ಹಿಗ್ಗಿದ ಅದೇ ಉಗಿ ಮುಂದಿನ ದೊಡ್ಡ ಸಿಲಿಂಡರುಗಳಲ್ಲಿ ಮತ್ತೊಮ್ಮೆ ದುಡಿಯುತ್ತದೆ. ಕಲ್ಲಿದ್ದಲೂ ನೀರೂ ಉಳಿತಾಯ. ನಾಲ್ಕೂ ಸಿಲಿಂಡರುಗಳು ಎಂಜಿನ್ನಿನ ಹೊಟ್ಟೆಯ ಬಳಿ ಎದುರುಬದುರಾಗಿ ಕೂತಿರುವುದರಿಂದ ನಡುವಿನ ಕೊಳವೆಯೂ ಗಿಡ್ಡ.

ಪ್ರೆಸ್ನಿಟ್ಸ್ ಕಣಿವೆಯ ಪ್ರವಾಸಿ ರೈಲಿನಲ್ಲಿ ಇವು ಇಂದಿಗೂ ಓಡುತ್ತವೆ. ತಿರುವಿನಲ್ಲಿ ಬಾಗಿ ನೋಡಿದರೆ ಗಾಲಿಗಳು ಒಂದು ಕಡೆಗೆ, ಬಾಯ್ಲರ್ ಇನ್ನೊಂದು ಕಡೆಗೆ ಮುಖ ಮಾಡಿರುವುದು ಕಾಣುತ್ತದೆ.