ಬಟ್ಟೆ ಅಂಗಡಿ ಕೆಲಸದಲ್ಲಿ ಮುಂದೆ ಬರಬಹುದಾ?

ಪ್ರಶ್ನೆ: ನನಗೆ 23 ವರ್ಷ. ಪಿಯುಸಿ ಕಾಮರ್ಸ್ ಆಗಿದೆ. ಹುಬ್ಬಳ್ಳಿಯ ಒಂದು ಮಾಲ್‌ನಲ್ಲಿ ರೆಡಿಮೇಡ್ ಬಟ್ಟೆ ಶೋರೂಮಿನ ಸೇಲ್ಸ್ ಅಸೋಸಿಯೇಟ್ ಆಗಿ ಎರಡೂವರೆ ವರ್ಷವಾಯಿತು. ಕೈಗೆ 13,500 ರೂಪಾಯಿ ಬರುತ್ತದೆ. ಈಗ ಬೆಳಗಾವಿ ಸ್ಟೋರಿಗೆ ಟೀಮ್ ಲೀಡರ್ ಆಗಿ ಹೋಗ್ತೀಯಾ ಎಂದು ಮ್ಯಾನೇಜರ್ ಕೇಳಿದ್ದಾರೆ. 3,500 ಜಾಸ್ತಿ ಕೊಡುತ್ತಾರಂತೆ. ಕೆಲಸ ನನಗೆ ಇಷ್ಟ. ಆದರೆ ಅವ್ವ ‘ಇನ್ನ ಎಷ್ಟ್ ದಿನಾ ಮಂದಿ ಅರಿವಿ ಮಡಚ್ತೀ?’ ಅಂತಾಳೆ. ಕೆಲಸ ಬಿಟ್ಟು ಸರ್ಕಾರಿ ಪರೀಕ್ಷೆಗೆ ಓದು ಎನ್ನುತ್ತಾನೆ ಅಣ್ಣ. ಸಂಜೆ ಹೊತ್ತಿಗೆ ಕಾಲು ಬಾತಿರುತ್ತದೆ. ಇದರಲ್ಲಿ ಭವಿಷ್ಯ ಇದೆಯಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಇದೆ. ಆದರೆ ಸುಮ್ನೆ ವರ್ಷ ಕಳೆದರೆ ಅದು ಬರುವುದಿಲ್ಲ. ಈ ಕೆಲಸದಲ್ಲಿ ಸೀನಿಯಾರಿಟಿಗೆ ಬೆಲೆ ಕಡಿಮೆ. ಹತ್ತು ವರ್ಷ ಒಂದೇ ಸೆಕ್ಷನ್‌ನಲ್ಲಿ ನಿಂತವರಿದ್ದಾರೆ. ಅವರ ನಂತರ ಸೇರಿ ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಆದವರೂ ಇದ್ದಾರೆ. ಮೇಲೆ ಹೋದವರು ಮಾರುವುದರ ಜೊತೆಗೆ ಎರಡು ವಿಷಯ ಕಲಿತಿರುತ್ತಾರೆ: ಸ್ಟಾಕ್ ಲೆಕ್ಕ, ಮತ್ತು ಜನರನ್ನು ನಡೆಸುವುದು.

ಸ್ಟಾಕ್ ವಿಷಯದಲ್ಲಿ ನಿಮಗೆ ಗೊತ್ತಿರುವುದು ಕಡಿಮೆಯೇನಲ್ಲ. ಒಂದು ಕುರ್ತಿಯ ಎಂ, ಎಲ್ ಸೈಜು ಮೊದಲ ವಾರವೇ ಖಾಲಿಯಾದರೆ ಉಳಿದ ಸೈಜುಗಳು ರ‍್ಯಾಕ್‌ನಲ್ಲೇ ಕೂರುತ್ತವೆ. ಕೊನೆಗೆ ಜನವರಿ ಅಥವಾ ಜುಲೈ ಸೇಲ್‌ನಲ್ಲಿ ಅರ್ಧ ಬೆಲೆಗೆ ಹೋಗುತ್ತವೆ. ಆ ನಷ್ಟ ಎಲ್ಲಿ ಶುರುವಾಯಿತು ಎಂದು ಮೊದಲು ನೋಡುವವರು ಫ್ಲೋರ್‌ನಲ್ಲಿ ಇರುವ ನೀವು. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು ಏನು ಕೇಳುತ್ತಾರೆ ಎನ್ನುವುದು ಹುಬ್ಬಳ್ಳಿ ಅಂಗಡಿಯಲ್ಲಿ ನಿಂತವರಿಗೆ ಗೊತ್ತು. ಬೇರೆ ಊರಿನ ಹೆಡ್ ಆಫೀಸಿನಲ್ಲಿ ಕೂತು ಮಾಲು ಕಳಿಸುವವರಿಗೆ ಅದನ್ನು ಯಾರಾದರೂ ಹೇಳಬೇಕು. ಇದನ್ನು ಬರೆದಿಡಿ. ಯಾವ ಸೈಜು ಇಲ್ಲದೆ ಎಷ್ಟು ಗಿರಾಕಿ ವಾಪಸ್ ಹೋದರು ಎಂದು ದಿನಾ ಒಂದು ಸಾಲು ಸಾಕು. ವಾರಕ್ಕೊಮ್ಮೆ ಮ್ಯಾನೇಜರ್‌ಗೆ ತೋರಿಸಿ. ಕನ್ವರ್ಷನ್ ಲೆಕ್ಕವನ್ನೂ ಕೇಳಿ ತಿಳಿದುಕೊಳ್ಳಿ. ಒಳಗೆ 200 ಜನ ಬಂದು 50 ಬಿಲ್ ಆದರೆ ಅದು ಶೇ. 25. ಈ ಭಾಷೆಯಲ್ಲಿ ಮಾತಾಡುವ ಅಸೋಸಿಯೇಟ್ ಮ್ಯಾನೇಜರ್ ಕಣ್ಣಿಗೆ ಬೇಗ ಬೀಳುತ್ತಾಳೆ. ಟೀಮ್ ಲೀಡರ್, ಡಿಪಾರ್ಟ್‌ಮೆಂಟ್ ಮ್ಯಾನೇಜರ್, ಸ್ಟೋರ್ ಮ್ಯಾನೇಜರ್ ಎಂಬ ನೇರ ದಾರಿ ಅಲ್ಲದೆ ಡಿಸ್‌ಪ್ಲೇ ನೋಡಿಕೊಳ್ಳುವ ವಿಷುಯಲ್ ಮರ್ಚಂಡೈಸಿಂಗ್, ಖರೀದಿ, ಟ್ರೈನಿಂಗ್ ಕಡೆಗೂ ಹೋಗುವವರು ಇದೇ ಫ್ಲೋರ್‌ನಿಂದ ಹೋಗುತ್ತಾರೆ.

ಈಗ ಬೆಳಗಾವಿ. ಹೋಗಿ ಎನ್ನುತ್ತೇನೆ, ಆದರೆ ಕಣ್ಣು ಮುಚ್ಚಿಕೊಂಡು ಬೇಡ. ನೂರು ಕಿಲೋಮೀಟರ್ ದೂರ. ಸ್ಟೋರ್ ಮುಚ್ಚುವ ಹೊತ್ತು ನೋಡಿದರೆ ದಿನಾ ಓಡಾಡಲು ಆಗದು. ಪಿಜಿ ಬಾಡಿಗೆ, ಊಟ ಕಳೆದರೆ ಆ 3,500 ಅಲ್ಲೇ ಮುಗಿಯುತ್ತದೆ, ಕೈಯಿಂದ ಹೋಗಲೂಬಹುದು. ಅಂದರೆ ಮೊದಲ ವರ್ಷ ನಿಮಗೆ ಸಿಗುವುದು ದುಡ್ಡಲ್ಲ, ಅನುಭವ. ನಾಲ್ಕೈದು ಜನರ ಶಿಫ್ಟ್ ಹಾಕುವುದು, ರಜೆ ಹೊಂದಿಸುವುದು, ಸ್ಟಾಕ್ ಎಣಿಕೆಯಲ್ಲಿ ಕಡಿಮೆ ಬಂದರೆ ಉತ್ತರ ಕೊಡುವುದು. ಮುಂದೆ ಬೇರೆ ಕಂಪನಿಯ ಇಂಟರ್‌ವ್ಯೂನಲ್ಲಿ ಕೇಳುವುದು ಇದನ್ನೇ. ಆದ್ದರಿಂದ ಮೊದಲ ಎರಡು ಮೂರು ತಿಂಗಳ ವಸತಿ ಭತ್ಯೆ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ. ‘ಈಗ ಹೋಗು, ಸಂಬಳ ಆರು ತಿಂಗಳ ನಂತರ ನೋಡೋಣ’ ಎಂದರೆ ಮಾತ್ರ ಹೋಗಬೇಡಿ. ಆಗ ಹುಬ್ಬಳ್ಳಿಯಲ್ಲೇ ಟೀಮ್ ಲೀಡರ್ ಜವಾಬ್ದಾರಿ ಕೊಡಿ ಎಂದು ಕೇಳಿ.

ಏನೇ ಒಪ್ಪಿದರೂ ಬರಹದಲ್ಲಿ ಬರಲಿ. ಹುದ್ದೆಯ ಹೆಸರು, ಸಂಬಳ, ಯಾವ ತಾರೀಕಿನಿಂದ, ಮೂರೂ ಪತ್ರದಲ್ಲಿ ಇರಬೇಕು. ನೀವು ಕಂಪನಿಯ ಪೇರೋಲ್‌ನಲ್ಲಿದ್ದೀರಾ, ಏಜೆನ್ಸಿಯ ಪೇರೋಲ್‌ನಲ್ಲಿದ್ದೀರಾ ನೋಡಿ. ಎಷ್ಟೋ ಜನಕ್ಕೆ ಕೆಲಸ ಬಿಡುವಾಗಲೇ ಇದು ಗೊತ್ತಾಗುವುದು. ಪಿಎಫ್‌ಗೆ ಇರುವ ಯುಎಎನ್ ನಂಬರ್ ಕೆಲಸ ಬದಲಾದರೂ ಒಂದೇ ಇರಲಿ. ಪಿಂಚಣಿಗೆ 10 ವರ್ಷದ ಸೇವೆ ಸೇರಬೇಕು, ಹಾಗಾಗಿ ಹಳೆ ಖಾತೆಯ ಹಣ ತೆಗೆದು ಖರ್ಚು ಮಾಡಬೇಡಿ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ, ವಾರದ ರಜೆಯೂ ಇದೆ. ಅದಕ್ಕಿಂತ ಜಾಸ್ತಿ ದುಡಿಸಿದರೆ ಓವರ್‌ಟೈಮ್‌ಗೆ ಎರಡು ಪಟ್ಟು ಕೊಡಬೇಕು. ಟೀಮ್ ಲೀಡರ್ ಆದ ಮೇಲೆ ನಿಮ್ಮ ಕೈ ಕೆಳಗಿನ ಹುಡುಗಿಯರಿಗೂ ಇದನ್ನು ಹೇಳಿ.

ಅಣ್ಣನ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕೈಯಲ್ಲಿರುವ ಸಂಬಳ ಬಿಟ್ಟು ಓದುವುದು ನನಗೆ ಸರಿ ಕಾಣುವುದಿಲ್ಲ. ಪಿಯುಸಿ ಮೇಲೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆ ಬರೆಯಬಹುದು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗೆ ಡಿಗ್ರಿ ಬೇಕು. ದೊಡ್ಡ ಸ್ಟೋರ್‌ಗಳಲ್ಲೂ ಮ್ಯಾನೇಜರ್ ಹುದ್ದೆಗೆ ಹೆಚ್ಚಾಗಿ ಡಿಗ್ರಿ ಕೇಳುತ್ತಾರೆ. ಹಾಗಾಗಿ ಈ ವರ್ಷವೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ.ಗೆ ಸೇರಿ. ಅದು ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ದಿನಗಳಿಗೆ ರಜೆ ಬೇಕೆಂದು ಮೊದಲೇ ಹೇಳಿಡಿ. ‘ಮೂರು ತಿಂಗಳಲ್ಲಿ ಸ್ಟೋರ್ ಮ್ಯಾನೇಜರ್’ ಎಂದು ಸಾವಿರಾರು ರೂಪಾಯಿ ಕೇಳುವ ಕೋರ್ಸುಗಳ ಹತ್ತಿರ ಹೋಗಬೇಡಿ.

ಕಾಲು ನೋವನ್ನು ತಾತ್ಸಾರ ಮಾಡಬೇಡಿ. ದಿನವಿಡೀ ನಿಂತರೆ ರಕ್ತನಾಳ ಉಬ್ಬುವ ತೊಂದರೆ ಶುರುವಾಗಬಹುದು. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಜಾಗ ಕೊಡಬೇಕೆಂದು ಕಾನೂನು ತಂದವು. ನಮ್ಮಲ್ಲೂ ಬರಬೇಕು ಎಂದು ನನ್ನ ಆಸೆ. ಸಂಬಳ 21,000ದ ಒಳಗಿರುವುದರಿಂದ ನಿಮಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಬೇಕು. ಕಾರ್ಡ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಕಾಲು ತೋರಿಸಿ.

ಮ್ಯಾನೇಜರ್‌ಗೆ ಉತ್ತರ ಕೊಡುವ ಮುಂಚೆ ನಿಮ್ಮ ವಾರದ ರಜೆಯ ದಿನ ಒಮ್ಮೆ ಬೆಳಗಾವಿಗೆ ಹೋಗಿ ಬನ್ನಿ. ಆ ಸ್ಟೋರಿನ ಹುಡುಗಿಯರ ಹತ್ತಿರ ಮ್ಯಾನೇಜರ್ ಹೇಗೆ, ಸಂಬಳ ಸರಿಯಾದ ದಿನ ಬರುತ್ತಾ, ರಾತ್ರಿ ಮನೆಗೆ ಹೇಗೆ ಹೋಗ್ತೀರಿ ಎಂದು ಕೇಳಿ. ಎರಡು ಮೂರು ಪಿಜಿ ನೋಡಿ. ಅವ್ವನನ್ನೂ ಕರೆದುಕೊಂಡು ಹೋಗಿ. ಅವರ ಮಾತಿನ ಹಿಂದೆ ಬಟ್ಟೆ ಮಡಚುವುದರ ಬೇಜಾರಿಗಿಂತ, ಮಗಳು ಗುರುತಿಲ್ಲದ ಊರಿನಲ್ಲಿ ಹೇಗಿರುತ್ತಾಳೋ ಎಂಬ ಭಯ ಜಾಸ್ತಿ ಇರಬಹುದು, ಅಲ್ವಾ?